ಪಾತ್ರೆಯ ಮೇಲಿನ ಹೆಸರು: ಪದ್ಧತಿಯೂ ಕಾನೂನೂ

ವಿಜಯಪುರ: ಮದುವೆಯ ಮರುದಿನ ಬೆಳಿಗ್ಗೆ ಅಡಿಗೆಮನೆಯ ಹಿತ್ತಿಲಲ್ಲಿ ನಡೆಯುವ ಕೆಲಸವೊಂದುಂಟು. ತೊಳೆದು ಬೋರಲು ಹಾಕಿದ ತಾಟು, ಚರಿಗೆ, ಬೋಗುಣಿ, ಪರಾತಗಳನ್ನು ಒಂದೊಂದಾಗಿ ಎತ್ತಿ, ಕಂಠದ ಕೆಳಗಿನ ಹೆಸರನ್ನು ಓದಿ, ಮನೆ ಮನೆಗೆ ಬೇರ್ಪಡಿಸುವುದು. ನಾಲ್ಕಾರು ಮನೆಗಳಿಂದ ತಂದ ಪಾತ್ರೆಗಳು ರೂಪದಲ್ಲಿಯೂ ತೂಕದಲ್ಲಿಯೂ ಒಂದೇ ಬಗೆಯವು. ಅವುಗಳನ್ನು ಒಡೆಯರಿಗೆ ಮರಳಿಸಲು ಚುಕ್ಕೆಗಳಲ್ಲಿ ಕೆತ್ತಿದ ಹೆಸರೊಂದೇ ಆಧಾರ. ವಿಜಯಪುರ ನಗರ, ಅದರ ಪಶ್ಚಿಮಕ್ಕಿರುವ ತಿಕೋಟಾ, ನೈಋತ್ಯಕ್ಕಿರುವ ಬಬಲೇಶ್ವರ ಹಾಗೂ ಸುತ್ತಲಿನ ಗ್ರಾಮಗಳಲ್ಲಿ ಮನೆಯ ವಸ್ತುವಿಗೆ ಒಡೆಯನ ಗುರುತು ಹಾಕಿಸುವ ಈ ರೂಢಿ ಇಂದಿಗೂ ಬಳಕೆಯಲ್ಲಿದೆ.

ರೂಢಿಯ ಹಿನ್ನೆಲೆ

ಪಾತ್ರೆಗೆ ಹೆಸರು ಹಾಕಿಸಲು ಮೂರು ಕಾರಣಗಳಿವೆ. ಮೊದಲನೆಯದು ಎರವಲು. ಮದುವೆ, ಸೀಮಂತ, ತಿಥಿಗಳಿಗೆ ನೆರೆಮನೆಯವರ ಪಾತ್ರೆಗಳನ್ನು ತರುವುದು ಹಳ್ಳಿಗಳಲ್ಲಿ ಸಹಜ. ಎರಡನೆಯದು ಕಲಾಯಿ. ತಾಮ್ರ ಹಾಗೂ ಹಿತ್ತಾಳೆಯ ಪಾತ್ರೆಗಳ ಒಳಮೈಗೆ ತವರದ ಲೇಪ ಸವೆದಾಗ ಅವುಗಳನ್ನು ಕಲಾಯಿಗಾರನಿಗೆ ಒಪ್ಪಿಸಬೇಕಾಗುತ್ತಿತ್ತು. ಹತ್ತು ಮನೆಯ ಹಂಡೆ, ಕೊಡಗಳು ಅವನ ಕುಲುಮೆಯ ಬಳಿ ಒಟ್ಟಾಗಿ ಬೀಳುತ್ತಿದ್ದವು. ಮೂರನೆಯದು ಆಯೇರಿ. ಮದುವೆಯಲ್ಲಿ ಉಡುಗೊರೆ ಕೊಡುವವರು ಪಾತ್ರೆಯ ಮೇಲೆ ತಮ್ಮ ಹೆಸರು, ವಧೂವರರ ಹೆಸರು ಮತ್ತು ಮದುವೆಯ ದಿನಾಂಕವನ್ನು ಕೆತ್ತಿಸುತ್ತಾರೆ. ಮುಂದೆ ಕೊಟ್ಟವರ ಮನೆಯಲ್ಲಿ ಕಾರ್ಯ ಬಂದಾಗ ಮರಳಿ ಕೊಡಬೇಕಾದುದರ ನೆನಪೂ ಆ ಬರಹದಲ್ಲಿಯೇ ಉಳಿಯುತ್ತದೆ. ಗುಡಿ, ಮಠಗಳ ದಾಸೋಹದ ದೊಡ್ಡ ಪಾತ್ರೆಗಳ ಮೇಲೆ ದೇವರ ಹೆಸರೂ ದಾನಿಯ ಹೆಸರೂ ಜೊತೆಯಾಗಿರುವುದುಂಟು.

ಹಳೆಯ ಪಾತ್ರೆಗಳು ಊರಿನ ಚರಿತ್ರೆಯನ್ನೂ ಹೇಳುತ್ತವೆ. 1956ರ ನವೆಂಬರ್ 1ರವರೆಗೆ ಈ ಜಿಲ್ಲೆ ಮುಂಬಯಿ ರಾಜ್ಯದಲ್ಲಿತ್ತು. ನಗರದ ಹೆಸರು ಅಧಿಕೃತವಾಗಿ ವಿಜಯಪುರ ಎಂದಾದುದು 2014ರ ನವೆಂಬರ್ 1ರಂದು. ಆದುದರಿಂದ ಅಜ್ಜಿಯ ಕಾಲದ ತಂಬಿಗೆಯ ಮೇಲೆ ‘ವಿಜಾಪುರ’ ಎಂದೋ ‘ಬಿಜಾಪುರ’ ಎಂದೋ ಇದ್ದರೆ ಅಚ್ಚರಿಯಿಲ್ಲ.

ನಗರದ ಅತಿ ದೊಡ್ಡ ‘ಹೆಸರು ಹಾಕಿದ ವಸ್ತು’

ಲೋಹದ ಮೇಲಿನ ಹೆಸರು ಒಡೆತನವನ್ನು ಸಾರುವ ಬಗೆಗೆ ನಗರದ ಪಶ್ಚಿಮ ಕೋಟೆಯ ಬುರುಜಿನ ಮೇಲೆಯೇ ನಿದರ್ಶನವಿದೆ. ಸುಮಾರು 55 ಟನ್ ತೂಕದ ‘ಮಲಿಕ್-ಎ-ಮೈದಾನ್’ ತೋಪನ್ನು 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ಯಲಾಯಿತು. ಎರಕ ಹೊಯ್ದ ಮುಹಮ್ಮದ್ ಬಿನ್ ಹಸನ್ ರೂಮಿಯ ಹೆಸರು ಹಾಗೂ ಅಂದಿನ ನಿಜಾಮಶಾಹಿ ಅರಸನ ಹೆಸರು ತೋಪಿನ ಮೇಲಿವೆ. ಮುಂದೆ ಅದು ಆದಿಲಶಾಹಿಗಳ ವಶವಾಗಿ ವಿಜಯಪುರಕ್ಕೆ ಬಂದಿತು. 1686ರಲ್ಲಿ ನಗರವನ್ನು ಗೆದ್ದ ಔರಂಗಜೇಬನು ಅದೇ ತೋಪಿನ ಮೇಲೆ ತನ್ನ ವಿಜಯದ ಬರಹವನ್ನು ಸೇರಿಸಿದನು. ಇಷ್ಟೆಲ್ಲ ಹೆಸರುಗಳನ್ನು ಹೊತ್ತ ತೋಪು 1854ರಲ್ಲಿ 150 ರೂಪಾಯಿಗೆ ಹರಾಜಾಗಿತ್ತು. ಬಳಿಕ ಆ ಮಾರಾಟವನ್ನು ರದ್ದುಪಡಿಸಿದ್ದರಿಂದ ಇಂದಿಗೂ ಊರಿನಲ್ಲಿಯೇ ಉಳಿದಿದೆ.

ಕೆತ್ತುವ ಬಗೆ

ಹಿಂದೆ ಪಾತ್ರೆ ಅಂಗಡಿಯ ಕೆಲಸಗಾರ ಚೂಪಾದ ಸಣ್ಣ ಉಳಿ ಮತ್ತು ಸುತ್ತಿಗೆಯಿಂದ ಚುಕ್ಕೆ ಚುಕ್ಕೆಯಾಗಿ ಅಕ್ಷರ ಮೂಡಿಸುತ್ತಿದ್ದ. ಕನ್ನಡದ ದುಂಡು ಅಕ್ಷರಗಳಿಗೆ ಈ ಬಗೆ ಚೆನ್ನಾಗಿ ಒಗ್ಗುತ್ತಿತ್ತು. ಸ್ಟೀಲ್ ಪಾತ್ರೆಗಳು ಮನೆ ತುಂಬಿದ ಮೇಲೆ ವಿದ್ಯುತ್ ಯಂತ್ರ ಬಂದಿತು. ಅದರ ಗಟ್ಟಿ ಸೂಜಿಯು ವೇಗವಾಗಿ ಅದುರುತ್ತ ಲೋಹದ ಮೇಲ್ಮೈಯನ್ನು ಗೀರುತ್ತದೆ. ಬರೆಯುವವನು ಲೇಖನಿಯಂತೆ ಅದನ್ನು ಹಿಡಿದು ಸಾಗಿಸುತ್ತಾನೆ.

ಹೆಸರು ಪಾತ್ರೆಯ ಹೊರಮೈಯಲ್ಲಿ, ಕಂಠದ ಕೆಳಗೆ ಇರುವುದು ಒಳಿತು. ಒಳಮೈಯಲ್ಲಿ ಕೆತ್ತಿದರೆ ಗೀರುಗಳಲ್ಲಿ ಆಹಾರದ ಅಂಶ ಕೂರುತ್ತದೆ. ತಳದಲ್ಲಿ ಕೆತ್ತಿದರೆ ಮಸಿ ಹಿಡಿಯುವುದರಿಂದಲೂ ಉಜ್ಜುವುದರಿಂದಲೂ ಬೇಗ ಅಳಿಯುತ್ತದೆ. ತೆಳುವಾದ ಅಲ್ಯುಮಿನಿಯಂ ಪಾತ್ರೆಗೆ ಉಳಿಯ ಪೆಟ್ಟು ಹೆಚ್ಚಾದರೆ ತೂತು ಬೀಳಬಹುದು. ಕುಕ್ಕರಿನ ಮುಚ್ಚಳದ ಅಂಚನ್ನು ಮುಟ್ಟದೆ ಹಿಡಿಕೆಯ ಮೇಲೆ ಬರೆಸುವುದು ಸುರಕ್ಷಿತ.

ಪ್ಲಾಸ್ಟಿಕ್ಕಿಗೂ ಬಂದ ಗುರುತು

ದ್ರಾಕ್ಷಿ ಬೆಳೆಗೆ ಹೆಸರಾದ ತಿಕೋಟಾ, ಬಬಲೇಶ್ವರ ಭಾಗದಲ್ಲಿ ಇದೇ ಸಮಸ್ಯೆ ಮತ್ತೊಂದು ರೂಪದಲ್ಲಿದೆ. ತೋಟದಿಂದ ಒಣದ್ರಾಕ್ಷಿ ಶೆಡ್ಡಿಗೂ ಅಲ್ಲಿಂದ ಶೀತಲಗೃಹಕ್ಕೂ ಮಾಲು ಸಾಗಿಸುವ ಪ್ಲಾಸ್ಟಿಕ್ ಕ್ರೇಟುಗಳೂ ಎಲ್ಲರವೂ ಒಂದೇ ಬಗೆಯವು. ಬಣ್ಣದಿಂದ ಬರೆದ ಹೆಸರು ಬಿಸಿಲಿಗೆ ಮಾಸುತ್ತದೆ. ಕಾಯಿಸಿದ ಕಬ್ಬಿಣದಿಂದ ಒತ್ತಿದ ಗುರುತು ಹೆಚ್ಚು ಕಾಲ ಬಾಳುತ್ತದೆ.

ಹೊರನಾಡಿನ ಕ್ರೀಡೆಯೊಂದರಲ್ಲಿ ಇದು ನಿಯಮವೇ ಆಗಿರುವುದು ಗಮನಾರ್ಹ. ಪ್ಲಾಸ್ಟಿಕ್ ತಟ್ಟೆಯನ್ನು ದೂರದ ಸರಪಳಿ ಬುಟ್ಟಿಗೆ ಎಸೆಯುವ ಡಿಸ್ಕ್ ಗಾಲ್ಫ್ ಆಟದಲ್ಲಿ ತಟ್ಟೆಗಳು ಪೊದೆ, ಕೆರೆಗಳಲ್ಲಿ ಕಳೆದುಹೋಗುವುದು ನಿತ್ಯದ ಮಾತು. 1976ರಲ್ಲಿ ಅಮೆರಿಕದಲ್ಲಿ ಸ್ಥಾಪನೆಯಾದ ಈ ಆಟದ ವೃತ್ತಿಪರ ಸಂಘದ ನಿಯಮಾವಳಿಯಂತೆ ಆಡುವ ಪ್ರತಿಯೊಂದು ತಟ್ಟೆಗೂ ಬೇರೆಯದೆಂದು ತಿಳಿಯುವ ಗುರುತು ಇರಲೇಬೇಕು. ಗುರುತಿಲ್ಲದ ತಟ್ಟೆ ಎಸೆದವರಿಗೆ ಮೊದಲು ಎಚ್ಚರಿಕೆ, ಅನಂತರ ಪ್ರತಿ ಎಸೆತಕ್ಕೂ ಒಂದೊಂದು ಎಸೆತದ ದಂಡ. ಆಟಗಾರರು ಹೆಸರಿನೊಡನೆ ದೂರವಾಣಿ ಸಂಖ್ಯೆಯನ್ನೂ ಬರೆಯುವುದು ವಾಡಿಕೆ. ಸಿಕ್ಕವರು ಮರಳಿಸಲಿ ಎಂಬುದು ಉದ್ದೇಶ.

ಸಿಕ್ಕ ವಸ್ತು, ಸಿಕ್ಕವನ ಹೊಣೆ

ಹೆಸರು ಬರೆಸುವುದು ಕೇವಲ ಅನುಕೂಲದ ಮಾತಲ್ಲ. ಕಾನೂನಿನಲ್ಲಿಯೂ ಅದಕ್ಕೆ ಬೆಲೆಯಿದೆ. 1872ರ ಭಾರತೀಯ ಕರಾರು ಅಧಿನಿಯಮದ 71ನೆಯ ಕಲಮಿನಂತೆ, ಬೇರೊಬ್ಬರ ವಸ್ತು ಸಿಕ್ಕಾಗ ಅದನ್ನು ತನ್ನ ವಶಕ್ಕೆ ತೆಗೆದುಕೊಂಡವನು ನ್ಯಾಸವಾಗಿ ಇಟ್ಟ ವಸ್ತುವನ್ನು ಕಾಯುವವನಷ್ಟೇ ಹೊಣೆಗಾರ. ಒಡೆಯನು ಇಂತಿಷ್ಟು ಬಹುಮಾನವೆಂದು ಸಾರಿದ್ದರೆ ಸಿಕ್ಕವನು ಅದಕ್ಕಾಗಿ ದಾವೆ ಹೂಡಬಹುದೆಂದು 168ನೆಯ ಕಲಮು ಹೇಳುತ್ತದೆ.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 314ನೆಯ ಕಲಮು ಇನ್ನೂ ಸ್ಪಷ್ಟವಾಗಿದೆ. ಕಾಯ್ದು ಮರಳಿಸುವ ಉದ್ದೇಶದಿಂದ ಎತ್ತಿಕೊಂಡರೆ ಅಪರಾಧವಲ್ಲ. ಆದರೆ ಒಡೆಯ ಯಾರೆಂದು ತಿಳಿದಿದ್ದರೂ, ಅಥವಾ ತಿಳಿಯುವ ದಾರಿಯಿದ್ದರೂ ತಕ್ಕ ಪ್ರಯತ್ನ ಮಾಡದೆ ಸ್ವಂತಕ್ಕೆ ಬಳಸಿದರೆ ಅಪರಾಧ. ಶಿಕ್ಷೆ 6 ತಿಂಗಳಿಗೆ ಕಡಿಮೆಯಿಲ್ಲದ, 2 ವರ್ಷದವರೆಗಿನ ಸೆರೆವಾಸ ಮತ್ತು ದಂಡ. ವಸ್ತುವಿನ ಮೇಲೆ ಹೆಸರೂ ಊರೂ ಇದ್ದರೆ ‘ಒಡೆಯ ಯಾರೆಂದು ತಿಳಿಯಲಿಲ್ಲ’ ಎಂಬ ಸಮಜಾಯಿಷಿಗೆ ಎಡೆ ಉಳಿಯುವುದಿಲ್ಲ.

ಕಳವಾದ ಪಾತ್ರೆ ಮರಳುವ ದಾರಿ

ಕಳವಿನ ಮಾಲು ಪೊಲೀಸರ ಕೈಗೆ ಸಿಕ್ಕರೂ ಒಡೆಯನಿಗೆ ನೇರವಾಗಿ ಬರುವುದಿಲ್ಲ. ಅದು ಮುದ್ದೆಮಾಲಾಗಿ ನ್ಯಾಯಾಲಯದ ಆದೇಶಕ್ಕೆ ಒಳಪಡುತ್ತದೆ. ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 451 ಮತ್ತು 457ನೆಯ ಕಲಮುಗಳಲ್ಲಿದ್ದ ಈ ವ್ಯವಸ್ಥೆ ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 497 ಮತ್ತು 503ನೆಯ ಕಲಮುಗಳಲ್ಲಿದೆ. ಸುಂದರಭಾಯಿ ಅಂಬಾಲಾಲ ದೇಸಾಯಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2002ರಲ್ಲಿ, ಇಂಥ ಮಾಲನ್ನು ಠಾಣೆಯಲ್ಲಿ ಬಹುಕಾಲ ಕೊಳೆಯಲು ಬಿಡದೆ, ಪಂಚನಾಮೆ ಮತ್ತು ಛಾಯಾಚಿತ್ರ ತೆಗೆದು, ಮುಚ್ಚಳಿಕೆ ಪಡೆದು ಹಕ್ಕುದಾರರಿಗೆ ಒಪ್ಪಿಸಬೇಕೆಂದು ಹೇಳಿತು. ಆದರೆ ಹಕ್ಕುದಾರನು ‘ಇದು ನನ್ನದೇ’ ಎಂದು ತೋರಿಸಬೇಕಲ್ಲ? ಸಾವಿರ ಸ್ಟೀಲ್ ಕೊಡಗಳ ನಡುವೆ ಹೆಸರಿಲ್ಲದ ಕೊಡವೊಂದನ್ನು ತನ್ನದೆಂದು ಸಾಧಿಸುವುದು ಸುಲಭವಲ್ಲ.

ಮದುವೆಯ ಪಾತ್ರೆ ಯಾರದು?

ಈ ರೂಢಿಯಲ್ಲಿ ಹೆಚ್ಚಿನ ಎಚ್ಚರ ಬೇಕಾದುದು ಇಲ್ಲಿಯೇ. ತವರಿನಿಂದ ಬಂದ ಪಾತ್ರೆಗಳ ಮೇಲೆ ಗಂಡನ ಅಥವಾ ಮಾವನ ಹೆಸರನ್ನೇ ಹಾಕಿಸುವುದು ಅನೇಕ ಮನೆಗಳಲ್ಲಿ ನಡೆದುಬಂದಿದೆ. ಸಂಸಾರ ಒಡೆದಾಗ ಆ ಹೆಸರನ್ನೇ ತೋರಿಸಿ ಪಾತ್ರೆಗಳನ್ನು ತಡೆಹಿಡಿಯುವುದುಂಟು. ಆದರೆ ಕೆತ್ತಿದ ಹೆಸರು ಒಡೆತನದ ಒಂದು ಕುರುಹೇ ಹೊರತು ಒಡೆತನವಲ್ಲ. ಸ್ತ್ರೀಧನವು ಹೆಂಡತಿಯ ಸ್ವಂತ ಸೊತ್ತು, ಗಂಡನ ಮನೆಯಲ್ಲಿದ್ದ ಮಾತ್ರಕ್ಕೆ ಅದು ಜಂಟಿ ಸೊತ್ತಾಗದು ಎಂದು ಸರ್ವೋಚ್ಚ ನ್ಯಾಯಾಲಯವು 1985ರಲ್ಲಿ ಪ್ರತಿಭಾ ರಾಣಿ ಪ್ರಕರಣದಲ್ಲಿ ತೀರ್ಪಿತ್ತಿದೆ.

ಅದೇ ವರ್ಷ ವರದಕ್ಷಿಣೆ ನಿಷೇಧ ಅಧಿನಿಯಮದಡಿ ಬಂದ ನಿಯಮಗಳ ಪ್ರಕಾರ, ಮದುವೆಯ ಉಡುಗೊರೆಗಳ ಪಟ್ಟಿಯನ್ನು ಬರವಣಿಗೆಯಲ್ಲಿ ಇಡಬೇಕು. ವಧುವಿಗೆ ಬಂದ ಉಡುಗೊರೆಗಳ ಪಟ್ಟಿ ವಧುವಿನ ಬಳಿ ಇರಬೇಕು. ವಸ್ತುವಿನ ವಿವರ, ಅಂದಾಜು ಬೆಲೆ, ಕೊಟ್ಟವರ ಹೆಸರು ಮತ್ತು ನಂಟು ಅದರಲ್ಲಿರಬೇಕು; ವಧು, ವರ ಇಬ್ಬರೂ ಸಹಿ ಮಾಡಬೇಕು. ಪಾತ್ರೆಯ ಮೇಲಿನ ಬರಹ ಈ ಪಟ್ಟಿಯೊಡನೆ ತಾಳೆಯಾದರೆ ವಾದಕ್ಕೆ ಆಸ್ಪದ ಕಡಿಮೆ.

ಬರೆಸುವಾಗ ಗಮನಿಸಬೇಕಾದುದು

ಒಂದೇ ಊರಿನಲ್ಲಿ ಒಂದೇ ಹೆಸರಿನವರು ಹಲವರಿರುವುದರಿಂದ ಅಡ್ಡಹೆಸರು ಮತ್ತು ಊರಿನ ಹೆಸರು ಸೇರಿರಲಿ. ದೂರವಾಣಿ ಸಂಖ್ಯೆ ಬದಲಾಗಬಹುದು, ಅದೊಂದನ್ನೇ ನೆಚ್ಚಬಾರದು. ತವರಿನ ಪಾತ್ರೆಗೆ ಮಗಳ ಹೆಸರನ್ನೇ ಬರೆಸುವುದು ಲೇಸು. ಬೆಲೆಬಾಳುವ ಪಾತ್ರೆಗಳ ಗುರುತು ಕಾಣುವಂತೆ ಛಾಯಾಚಿತ್ರ ತೆಗೆದು, ಕೊಂಡ ರಸೀದಿಯೊಡನೆ ಇರಿಸಬೇಕು. ಹಳೆಯ ಪಾತ್ರೆ ಮಾರುವಾಗ ಹೆಸರನ್ನು ಅಳಿಸುವುದೋ, ಮಾರಿದ್ದಕ್ಕೆ ಚೀಟಿ ಪಡೆಯುವುದೋ ಮಾರುವವರಿಗೂ ಕೊಳ್ಳುವವರಿಗೂ ಕ್ಷೇಮ. ಇಲ್ಲವಾದರೆ ಮುಂದೊಂದು ದಿನ ಅದೇ ಹೆಸರು ಕೊಂಡವರ ಮೇಲೆ ಸಂಶಯ ತರಬಹುದು.