ಮತ್ತಾಯನ ಸುವಾರ್ತೆಯಲ್ಲಿ ಅಬ್ಜದ್ ಲೆಕ್ಕ

ಸೆಪ್ಟೆಂಬರ್ 8ರ ಹರಿಹರದ ಆರೋಗ್ಯಮಾತೆ ಜಾತ್ರೆ ನಿಮಗೆ ಗೊತ್ತು. ಆ ಹಬ್ಬದ ಪೂಜೆಯಲ್ಲಿ ಓದುವುದು ಮತ್ತಾಯನ ಸುವಾರ್ತೆಯ ಮೊದಲ ಅಧ್ಯಾಯ. ಅಲ್ಲಿ ಹಜರತ್ ಇಬ್ರಾಹೀಮರಿಂದ ಹಜರತ್ ಈಸಾ(ಅ.ಸ.)ರವರೆಗಿನ ವಂಶಾವಳಿ 14 ತಲೆಮಾರುಗಳ ಮೂರು ಗುಂಪುಗಳಲ್ಲಿದೆ. 14 ಏಕೆ? 786 ಬರೆಯುವ ನಮಗೆ ಈ ಲೆಕ್ಕ ಹೊಸತಲ್ಲ. ಹೀಬ್ರೂ ಬರಹದಲ್ಲಿ ದಾವೂದ್ ಎಂದರೆ ದಾಲ್, ವಾವ್, ದಾಲ್: 4+6+4. ಮಸೀಹರು ದಾವೂದರ ವಂಶಜರೆಂಬ ಸಂಕೇತವಿದು ಎಂದು ಅನೇಕ ವಿದ್ವಾಂಸರ ಅಭಿಪ್ರಾಯ. ನಡುವೆ ಮೂವರು ಅರಸರ ಹೆಸರಿಲ್ಲ. ಆದರೂ ಕೊನೆಯ ಗುಂಪನ್ನು ಎಣಿಸಿ ನೋಡಿ, 13 ಮಾತ್ರ ಸಿಗುತ್ತವೆ!

ಗ್ರಂಥದಲ್ಲಿ ದೊಡ್ಡ ಪ್ರವಚನಗಳು ಐದು. ತೌರಾತಿನ ಐದು ಗ್ರಂಥಗಳ ನೆನಪದು ಎನ್ನುವವರಿದ್ದಾರೆ.

ಬರೆದವರು ಯಾರು? ಶಿಷ್ಯ ಮತ್ತಾಯ ಎಂಬುದು ಎರಡನೇ ಶತಮಾನದಿಂದ ಬಂದ ನಂಬಿಕೆ. ಒಳಗೆ ಲೇಖಕನ ಹೆಸರಿಲ್ಲ. ಮಾರ್ಕನ ಸುವಾರ್ತೆಯನ್ನು ಮುಂದಿಟ್ಟುಕೊಂಡು ಬರೆದದ್ದೆಂದು ಕ್ರೈಸ್ತ ವಿದ್ವಾಂಸರಲ್ಲೇ ಬಹುಮಂದಿ ಒಪ್ಪುತ್ತಾರೆ. ವಿದ್ಯಾರ್ಥಿಗಳೇ, ಇಂಜೀಲಿನ ಬಗ್ಗೆ ವಾದಕ್ಕಿಳಿಯುವ ಮೊದಲು ಇದನ್ನೊಮ್ಮೆ ಓದಿ. ಬಳ್ಳಾರಿಯ ಪಾದ್ರಿ ಜಾನ್ ಹ್ಯಾಂಡ್ಸ್ ಮೊದಲಾದವರ ಶ್ರಮದಿಂದ ಪೂರ್ಣ ಬೈಬಲ್ 1831ರಲ್ಲೇ ಕನ್ನಡಕ್ಕೆ ಬಂದಿದೆ.