ಹಗ್ಗವನ್ನು ಹಿಡಿಯುವ ಗಂಟು

ಗ್ರಂಥವೆಂಬ ಶಬ್ದವೂ, ಗಂಟೆಂಬ ಅರ್ಥವುಳ್ಳ ಗ್ರಂಥಿಯೆಂಬ ಶಬ್ದವೂ ಒಂದೇ ಧಾತುವಿನಿಂದ ಹುಟ್ಟಿದವು. ಆದರೂ ಗ್ರಂಥಗಳ ಚರಿತ್ರೆಯನ್ನು ಬರೆದವರು ಅನೇಕರು. ಗಂಟಿನ ಚರಿತ್ರೆಯನ್ನು ಕೇಳುವವರೇ ವಿರಳ. ಮನುಷ್ಯನ ಪ್ರಾಣವನ್ನು ಹೊತ್ತು ನಿಲ್ಲುವ ಒಂದು ಜಾತಿಯ ಗಂಟುಗಳ ವೃತ್ತಾಂತವನ್ನು ವಾಚಕರ ಮುಂದಿಡುತ್ತೇನೆ.

ದಪ್ಪ ಹಗ್ಗವೊಂದಕ್ಕೆ ಸಣ್ಣ ಹುರಿಯನ್ನು ಕೆಲವು ಸುತ್ತು ಸುತ್ತಿ ಗಂಟಿಕ್ಕಿದರೆ, ಭಾರವಿಲ್ಲದಾಗ ಆ ಗಂಟನ್ನು ಕೈಯಿಂದ ಸರಿಸಬಹುದು. ಭಾರ ಬಿದ್ದೊಡನೆ ಸುತ್ತುಗಳು ಹಗ್ಗವನ್ನು ಅಮುಕಿ ಹಿಡಿಯುತ್ತವೆ. ಇದರಲ್ಲಿ ಘರ್ಷಣೆಯ ಹೊರತು ಬೇರೆ ಯಂತ್ರವಿಲ್ಲ. ಇಂಥ ಗಂಟುಗಳಲ್ಲಿ ಲೋಕಪ್ರಸಿದ್ಧವಾದುದನ್ನು ಆಸ್ಟ್ರಿಯಾ ದೇಶದ ಪರ್ವತಾರೋಹಿ ಕಾರ್ಲ್ ಪ್ರೂಸಿಕ್ ಎಂಬಾತನು 1931ರಲ್ಲಿ ಅಲ್ಲಿಯ ಪರ್ವತಾರೋಹಿಗಳ ಪತ್ರಿಕೆಯಲ್ಲಿ ಪ್ರಕಟಿಸಿದನು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ವಾದ್ಯಗಳ ಹರಿದ ತಂತಿಗಳನ್ನು ಸರಿಪಡಿಸಲು ಆತನು ಇದನ್ನು ಬಳಸಿದನೆಂದು ಹೇಳುವುದುಂಟು. ಸ್ವರವನ್ನು ಕಾಯ್ದ ಗಂಟೇ ಮುಂದೆ ಪ್ರಾಣವನ್ನು ಕಾಯ್ದಿತೆಂಬ ಮಾತು ನಿಜವಾಗಿರಲೆಂದು ನನ್ನ ಮನಸ್ಸು ಬಯಸುತ್ತದೆ.

ಮರವೇರಿ ಕೊಂಬೆ ಸವರುವ ಕಸುಬಿನವರಿಗೆ ಬೇಕಾದುದು ಸ್ವಲ್ಪ ಬೇರೆ. ಪರ್ವತಾರೋಹಿಗೆ ಗಂಟು ಹಿಡಿದರೆ ಸಾಕು. ಇವರಿಗೋ ದಿನಕ್ಕೆ ನೂರು ಸಲ ಹಿಡಿಯಬೇಕು, ಭಾರ ಹೊತ್ತಿರುವಾಗಲೇ ಮೆಲ್ಲನೆ ಬಿಡಲೂ ಬೇಕು. ಪ್ರೂಸಿಕ್ಕನ ಗಂಟು ಭಾರಕ್ಕೆ ಬಿಗಿದ ಮೇಲೆ ಸಡಿಲಿಸುವುದು ಕಷ್ಟ. ಅಮೆರಿಕದ ಮರಗೆಲಸದವರು ಬಹುಕಾಲ ಬಳಸುತ್ತಿದ್ದ ಹಳೆಯ ಗಂಟಿನಲ್ಲಿ ಮತ್ತೊಂದು ದೋಷ: ಅದರ ಬಾಲವು ಕೆಲಸದ ಎಳೆದಾಟದಲ್ಲಿ ಉರುಳುತ್ತ ಉರುಳುತ್ತ ಬಿಚ್ಚಿಕೊಳ್ಳುವ ಸಂಭವವಿತ್ತು. ಆದುದರಿಂದ ಬಾಲದ ತುದಿಗೆ ತಡೆಗಂಟನ್ನು ಹಾಕುವುದು ರೂಢಿಯಾಯಿತು.

1994ರಲ್ಲಿ ಜೇಸನ್ ಬ್ಲೇಕ್ ಎಂಬಾತನು ಮರಗೆಲಸದವರ ಪತ್ರಿಕೆಯೊಂದಕ್ಕೆ ಬರೆದ ಕಾಗದದಲ್ಲಿ ಹೊಸ ಗಂಟೊಂದನ್ನು ತಿಳಿಸಿದನು. ನಾಲ್ಕು ಸುತ್ತು, ತುದಿಯು ಕೆಳಗಿನ ಎರಡು ಸುತ್ತುಗಳೊಳಗೆ ನುಸುಳಿ ಬರುತ್ತದೆ. ಇದು ಅಷ್ಟು ಸುಲಭವಾಗಿ ಉರುಳುವುದಿಲ್ಲ. ಆದರೆ ಇದೇ ಗಂಟನ್ನು ಹೈನ್ಸ್ ಪ್ರೊಹಾಸ್ಕಾ ಎಂಬಾತನು 1981ರಲ್ಲಿಯೇ ಆಸ್ಟ್ರಿಯಾದಲ್ಲಿ ಪ್ರಕಟಿಸಿದ್ದನು. ಬ್ಲೇಕನು ತಾನಾಗಿಯೇ ಕಂಡುಕೊಂಡನೆಂಬುದರಲ್ಲಿ ಸಂಶಯವಿಲ್ಲ. ಹೆಸರು ಮಾತ್ರ ಅವನಿಗೇ ನಿಂತಿತು. ಮೊದಲು ಕಂಡವನಿಗಿಂತ, ಬೇಕಾದವರ ಕೈಗೆ ಮುಟ್ಟಿಸಿದವನನ್ನು ಲೋಕವು ನೆನೆಯುತ್ತದೆ. ಇದು ನ್ಯಾಯವೆಂದು ನಾನು ಹೇಳಲಾರೆ.

ಇನ್ನು ಹುರಿಯ ವಿಚಾರ. ಪ್ರೂಸಿಕ್ಕನ ಕಾಲದ ಹಗ್ಗಗಳು ನಾರಿನವು. ಹೊರಗೆ ನೋಡಲು ಚೆನ್ನಾಗಿದ್ದರೂ ಒಳಗೆ ಕೊಳೆತಿರಬಹುದಾಗಿತ್ತು. 1935ರಲ್ಲಿ ಅಮೆರಿಕದಲ್ಲಿ ನೈಲಾನ್ ಹುಟ್ಟಿದ ಮೇಲೆ ಕೊಳೆಯುವ ಭಯವು ಹೋಗಿ ಕರಗುವ ಭಯವು ಬಂತು. ವೇಗವಾಗಿ ಜಾರಿ ಇಳಿದರೆ ಘರ್ಷಣೆಯ ಶಾಖದಿಂದ ಸುತ್ತುಗಳ ಮೈ ಗಾಜಿನಂತೆ ನುಣುಪಾಗಿ ಗಡುಸಾಗುತ್ತದೆ. ಅಂಥ ಹುರಿಯನ್ನು ನಂಬಲಾಗದು. ಹಗ್ಗದ ತುದಿಯಿಂದಲೇ ಗಂಟು ಹಾಕುತ್ತಿದ್ದಾಗ ಹೀಗೆ ಕೆಟ್ಟ ಭಾಗವನ್ನು ಕತ್ತರಿಸಿ ಹಗ್ಗವನ್ನೇ ಕಿರಿದು ಮಾಡಬೇಕಾಗುತ್ತಿತ್ತು. ಆದ್ದರಿಂದ ಗಂಟಿಗೆ ಬೇರೆಯೇ ಹುರಿಯನ್ನು ಇಟ್ಟುಕೊಳ್ಳುವ ಪದ್ಧತಿಯು ಬಂದಿತು. ಪಾಲಿಯೆಸ್ಟರ್ ಸುಮಾರು 250 ಡಿಗ್ರಿ ಸೆಂಟಿಗ್ರೇಡಿನ ಆಚೆ ಕರಗುತ್ತದೆ. ಬಲದಲ್ಲಿ ಉಕ್ಕನ್ನು ಮೀರಿಸುವ ಒಂದು ಪಾಲಿಎಥಿಲೀನ್ ಎಳೆಯು 150ರ ಆಸುಪಾಸಿನಲ್ಲಿಯೇ ಕರಗಿಹೋಗುತ್ತದೆ. ಅರಾಮಿಡ್ ಎಂಬ ಎಳೆಯು ಕರಗುವುದೇ ಇಲ್ಲ, ಬಹಳ ಹೆಚ್ಚಿನ ಶಾಖದಲ್ಲಿ ಕರಿಕಾಗುತ್ತದೆ. ಆದರೆ ಪದೇ ಪದೇ ಮಡಿಸಿದರೆ ಸವೆಯುತ್ತದೆ, ಬಿಸಿಲಿಗೂ ಕುಂದುತ್ತದೆ. ಬಲವೊಂದನ್ನೇ ನೋಡಿ ಕೊಳ್ಳುವವನು ಮೋಸಹೋಗುವುದು ಇಲ್ಲಿಯೇ.

ಹುರಿಯು ಹಗ್ಗಕ್ಕಿಂತ ತೆಳ್ಳಗಿದ್ದಷ್ಟೂ ಹಿಡಿತವು ಹೆಚ್ಚು. ತೀರ ತೆಳ್ಳಗಾದರೆ ಕಚ್ಚಿಕೊಂಡು ಬಿಡದು, ಹಗ್ಗದಷ್ಟೇ ದಪ್ಪವಾದರೆ ಹಿಡಿಯದೆ ಜಾರಬಹುದು. 11ರಿಂದ 13 ಮಿಲಿಮೀಟರಿನ ಹಗ್ಗಕ್ಕೆ 8ರಿಂದ 10 ಮಿಲಿಮೀಟರಿನ ಹುರಿಯು ವಾಡಿಕೆ. ಮಳೆ, ಅಂಟು, ಹುರಿಯ ಹೊಸತನ, ಏರುವವನ ತೂಕ ಇವೆಲ್ಲವೂ ಲೆಕ್ಕವನ್ನು ಬದಲಿಸುವುದರಿಂದ, ಅನುಭವಿಗಳು ಹೊಸ ಹುರಿಯ ಗಂಟನ್ನು ನೆಲದಿಂದ ಒಂದೆರಡು ಅಡಿ ಎತ್ತರದಲ್ಲಿ ಮೈಭಾರ ಬಿಟ್ಟು, ಸುತ್ತುಗಳನ್ನು ಒಂದು ಹೆಚ್ಚಿಸಿಯೋ ತಗ್ಗಿಸಿಯೋ ನೋಡಿದ ಮೇಲೆಯೇ ಮರವನ್ನೇರುತ್ತಾರೆ.