ಸ್ಪೋರ್ಟ್ಸ್ ಕಾರುಗಳಲ್ಲಿ ಚಾಸಿ ಬ್ರೇಸಿಂಗ್

ಕಾರಿನ ಚೌಕಟ್ಟು ಅಥವಾ ಬಾಡಿ ಬಾಗದಂತೆ, ತಿರುಚಿಕೊಳ್ಳದಂತೆ ಅದಕ್ಕೆ ಹೆಚ್ಚುವರಿ ಸರಳು, ಕೊಳವೆ, ಪಟ್ಟಿಗಳನ್ನು ಬೋಲ್ಟು ಇಲ್ಲವೇ ವೆಲ್ಡಿಂಗ್ ಮೂಲಕ ಸೇರಿಸುವ ಕ್ರಮಕ್ಕೆ ಚಾಸಿ ಬ್ರೇಸಿಂಗ್ ಎನ್ನುತ್ತಾರೆ. ಸಸ್ಪೆನ್ಶನ್ನಿನ ಎರಡು ಗೋಪುರಗಳನ್ನು ಜೋಡಿಸುವ ಸ್ಟ್ರಟ್ ಬಾರ್, ತಳದಲ್ಲಿ ಕೂರುವ ಎಕ್ಸ್-ಬ್ರೇಸ್, ಮುಂದಿನ ಮತ್ತು ಹಿಂದಿನ ಫ್ರೇಮ್ ತುಂಡುಗಳನ್ನು ಬೆಸೆಯುವ ಕನೆಕ್ಟರ್, ರೇಸ್ ಕಾರುಗಳ ರೋಲ್ ಕೇಜ್ ಇದರ ಮುಖ್ಯ ರೂಪಗಳು. ಇವುಗಳಿಂದ ಕಾರಿನ ಹ್ಯಾಂಡ್ಲಿಂಗ್ ಎಷ್ಟು ಸುಧಾರಿಸುತ್ತದೆ ಎಂಬುದಕ್ಕೆ ಎಲ್ಲ ಕಾರಿಗೂ ಹೊಂದುವ ಉತ್ತರವಿಲ್ಲ. ಮೂಲ ಬಾಡಿ ಎಷ್ಟು ಸಡಿಲ, ಅದರ ಮೇಲೆ ಕೂರಿಸಿದ ಸ್ಪ್ರಿಂಗು ಮತ್ತು ಟೈರು ಎಷ್ಟು ಬಿಗಿ ಎಂಬುದನ್ನು ಅದು ಅವಲಂಬಿಸಿದೆ.

ತತ್ತ್ವ

ತಿರುವಿನಲ್ಲಿ ಕಾರಿನ ಭಾರ ಒಳಬದಿಯ ಗಾಲಿಗಳಿಂದ ಹೊರಬದಿಯ ಗಾಲಿಗಳಿಗೆ ಸರಿಯುತ್ತದೆ. ಇದರಲ್ಲಿ ಮುಂದಿನ ಜೋಡಿಯ ಪಾಲೆಷ್ಟು, ಹಿಂದಿನ ಜೋಡಿಯ ಪಾಲೆಷ್ಟು ಎಂಬುದನ್ನು ಬಹುಮಟ್ಟಿಗೆ ಸ್ಪ್ರಿಂಗುಗಳೂ ಕಾರು ಪಕ್ಕಕ್ಕೆ ವಾಲುವುದನ್ನು ತಗ್ಗಿಸುವ ಆ್ಯಂಟಿ-ರೋಲ್ ಬಾರ್‌ಗಳೂ ನಿರ್ಧರಿಸುತ್ತವೆ. ಕಾರಿನ ಮುಂಭಾಗ ತಿರುವಿನಿಂದಾಚೆಗೆ ಜಾರುವುದೋ ಹಿಂಭಾಗ ಬೀಸುವುದೋ ಎಂಬುದರಲ್ಲಿ ಈ ಹಂಚಿಕೆಯ ಪಾತ್ರ ದೊಡ್ಡದು. ನಡುವಿನ ಬಾಡಿ ತಿರುಚಿಕೊಳ್ಳತೊಡಗಿದರೆ ಅದೂ ಒಂದು ಸ್ಪ್ರಿಂಗೇ ಆಗುತ್ತದೆ; ಆ ಸ್ಪ್ರಿಂಗನ್ನು ಹಿಡಿದಿಡಲು ಡ್ಯಾಂಪರ್ ಇರುವುದಿಲ್ಲ. ಆಗ ದಪ್ಪನೆಯ ಆ್ಯಂಟಿ-ರೋಲ್ ಬಾರ್ ಹಾಕಿದರೂ ಅದರ ಪರಿಣಾಮದ ಒಂದಂಶ ಬಾಡಿಯಲ್ಲೇ ಸೋರಿಹೋಗುತ್ತದೆ. ಬಾಡಿಯ ಬಿಗಿತ ಸಸ್ಪೆನ್ಶನ್ನಿನ ಬಿಗಿತಕ್ಕಿಂತ ಹಲವು ಪಟ್ಟು ಹೆಚ್ಚಾದ ಮೇಲೆ ಮಾತ್ರ ಈ ಸೋರಿಕೆ ನಗಣ್ಯ. ಅಲ್ಲಿಂದ ಮುಂದೆ ಸೇರಿಸಿದ ಸರಳಿನಿಂದ ಸಿಗುವುದು ಅಲ್ಪ. ಈ ಬಿಗಿತವನ್ನು ಬಾಡಿಯನ್ನು ಒಂದು ಡಿಗ್ರಿ ತಿರುಚಲು ಎಷ್ಟು ನ್ಯೂಟನ್-ಮೀಟರ್ ಬೇಕು ಎಂದು ಅಳೆಯುತ್ತಾರೆ.

ಹಿನ್ನೆಲೆ

ಮೊದಲ ಕಾರುಗಳ ಏಣಿಯಾಕಾರದ ಚೌಕಟ್ಟು ಸುಲಭವಾಗಿ ತಿರುಚಿಕೊಳ್ಳುತ್ತಿತ್ತು. 1922ರಲ್ಲಿ ಬಂದ ಇಟಲಿಯ ಲಾನ್ಚಿಯಾ ಲಾಂಬ್ಡಾ ಪ್ರತ್ಯೇಕ ಚೌಕಟ್ಟನ್ನು ಬಿಟ್ಟು ಬಾಡಿಗೇ ಭಾರ ಹೊರಿಸಿತು. 1952ರ ಮರ್ಸಿಡಿಸ್ 300 ಎಸ್‌ಎಲ್ ರೇಸ್ ಕಾರು ತ್ರಿಕೋನಗಳಾಗಿ ಬೆಸೆದ ತೆಳುಕೊಳವೆಗಳ ಚೌಕಟ್ಟನ್ನು ಬಳಸಿತು. ಪಕ್ಕದ ಕೊಳವೆಗಳು ಎತ್ತರಕ್ಕೆ ಬಂದು ಮಾಮೂಲಿ ಬಾಗಿಲಿಗೆ ಎಡೆಯಿಲ್ಲದ್ದರಿಂದ ರೆಕ್ಕೆಯಂತೆ ಮೇಲಕ್ಕೆ ತೆರೆಯುವ ಬಾಗಿಲುಗಳು ಹುಟ್ಟಿದವು. 1962ರಲ್ಲಿ ಕಾಲಿನ್ ಚಾಪ್ಮನ್ ರೂಪಿಸಿದ ಲೋಟಸ್ 25 ಫಾರ್ಮುಲಾ ಒನ್ ಕಾರು ಹೊರಕವಚವೇ ಹೊರೆ ಹೊರುವ ಮಾನೊಕಾಕ್ ರಚನೆಯದು. ಕೊಳವೆ ಚೌಕಟ್ಟಿನ ಲೋಟಸ್ 24ಕ್ಕಿಂತ ಅದು ಸುಮಾರು ಮೂರು ಪಟ್ಟು ಬಿಗಿಯಾಗಿತ್ತು, ಹಗುರವೂ ಆಗಿತ್ತು. ಬಾಡಿ ಬಿಗಿಯಾದದ್ದರಿಂದ ಮೆತ್ತನೆಯ ಸ್ಪ್ರಿಂಗು ಬಳಸಿ ಟೈರನ್ನು ನೆಲಕ್ಕೆ ಅಂಟಿಸಿಡುವುದು ಸಾಧ್ಯವಾಯಿತು. ಜಿಮ್ ಕ್ಲಾರ್ಕ್ 1963ರ ವಿಶ್ವ ಚಾಂಪಿಯನ್ ಆದದ್ದು ಇದೇ ಕಾರಿನಲ್ಲಿ.

ಮಸ್ಟಾಂಗ್ ಮತ್ತು ಅಮೆರಿಕದ ಕಾರುಗಳು

ಸಿದ್ಧ ಕಾರಿಗೆ ಸರಳು ಸೇರಿಸುವ ಪದ್ಧತಿಗೆ ಫೋರ್ಡ್ ಮಸ್ಟಾಂಗ್ ಒಳ್ಳೆಯ ಉದಾಹರಣೆ. 1964ರಲ್ಲಿ ಮಾರುಕಟ್ಟೆಗೆ ಬಂದ ಈ ಕಾರಿನ ತಳಹದಿ ಅಗ್ಗದ ಫಾಲ್ಕನ್‌ನದು. ಎಂಜಿನ್ನಿನ ಅಕ್ಕಪಕ್ಕದ ಗೋಪುರಗಳು ಹೊರೆ ತಾಳದೆ ಒಳಕ್ಕೆ ವಾಲುತ್ತಿದ್ದವು. ರೇಸ್ ಕಾರು ತಯಾರಕ ಕ್ಯಾರಲ್ ಶೆಲ್ಬಿ ಮಸ್ಟಾಂಗ್ ಆಧರಿಸಿದ 1965ರ ಜಿಟಿ350ಗೆ ಎರಡು ಬಿಡಿಭಾಗ ಸೇರಿಸಿದರು. ಗೋಪುರದಿಂದ ಗೋಪುರಕ್ಕೆ ಹೋಗುವ ಮಾಂಟೆ ಕಾರ್ಲೊ ಬಾರ್ ಒಂದು. ಎರಡೂ ಗೋಪುರಗಳನ್ನು ಕ್ಯಾಬಿನ್ನಿನ ಮುಂಗೋಡೆಗೆ ಕಟ್ಟುವ ಎಕ್ಸ್‌ಪೋರ್ಟ್ ಬ್ರೇಸ್ ಇನ್ನೊಂದು. ಓರೆಪಟ್ಟಿ ಇಲ್ಲದ ಮರದ ಗೇಟು ಜೋತುಬೀಳುವಂತೆ, ಬರೀ ಅಡ್ಡಸರಳಿನಿಂದ ಜೋಡಿಸಿದ ಗೋಪುರಗಳು ಎರಡೂ ಒಟ್ಟಿಗೇ ಒಂದು ಪಕ್ಕಕ್ಕೆ ವಾಲಬಲ್ಲವು. ಮುಂಗೋಡೆಗೆ ಕಟ್ಟಿದಾಗ ತ್ರಿಕೋನವಾಗಿ ನಿಲ್ಲುತ್ತವೆ. 1985ರ ಷೆವ್ರೊಲೆ ಕ್ಯಾಮಾರೊ ಐರಾಕ್-ಝಡ್‌ನಲ್ಲಿ ಮುಂದಿನ ಫ್ರೇಮ್ ತುದಿಗಳ ಅಲುಗಾಟ ತಡೆದು ಸ್ಟಿಯರಿಂಗನ್ನು ಚುರುಕಾಗಿಸಲು ಕಾರ್ಖಾನೆಯೇ ‘ವಂಡರ್ ಬಾರ್’ ಎಂಬ ಅಡ್ಡಪಟ್ಟಿ ಕೂರಿಸಿತು.

ತೆರೆದ ಕಾರುಗಳು

ಬಾಡಿಯ ಬಿಗಿತದಲ್ಲಿ ಚಾವಣಿಯ ಪಾಲು ದೊಡ್ಡದಾದ್ದರಿಂದ ಚಾವಣಿ ಇಲ್ಲದ ಕಾರುಗಳಿಗೆ ಬ್ರೇಸಿಂಗಿನ ಲಾಭ ಹೆಚ್ಚು ದಕ್ಕುತ್ತದೆ. 1989ರ ಮಜ್ದಾ ಎಂಎಕ್ಸ್-5ರಲ್ಲಿ ಗೇರ್‌ಬಾಕ್ಸನ್ನೂ ಡಿಫರೆನ್ಷಿಯಲನ್ನೂ ಒಂದು ಅಲ್ಯೂಮಿನಿಯಂ ಚೌಕಟ್ಟು ಜೋಡಿಸಿತ್ತು. ಎಂಜಿನ್ 1.6 ಲೀಟರಿನಿಂದ 1.8 ಲೀಟರಿಗೆ ಏರಿದಾಗ ಕಂಪನಿ ಆಸನಗಳ ಹಿಂದೆ ಅಡ್ಡಸರಳನ್ನೂ ಎರಡೂ ಸಬ್‌ಫ್ರೇಮ್‌ಗಳಿಗೆ ಬ್ರೇಸುಗಳನ್ನೂ ಸೇರಿಸಿತು. 1999ರ ಹೋಂಡಾ ಎಸ್2000 ಎಕ್ಸ್ ಆಕಾರದ ಚೌಕಟ್ಟನ್ನು ಮೊದಲಿನಿಂದಲೇ ವಿನ್ಯಾಸದೊಳಕ್ಕೆ ತಂದಿತು.

ಜಪಾನಿನ ಹೊಸ ದಾರಿ

ಬಿಗಿತವೊಂದೇ ಗುರಿಯಲ್ಲ ಎಂಬ ಆಲೋಚನೆ ಮುಂದೆ ಜಪಾನಿನಲ್ಲಿ ಬೆಳೆಯಿತು. ಯಮಹಾ ಸಂಸ್ಥೆಯ ಪರ್ಫಾರ್ಮೆನ್ಸ್ ಡ್ಯಾಂಪರ್, ಬಾಡಿಯ ಎರಡು ಬಿಂದುಗಳ ನಡುವೆ ಕೂತು ಅದರ ಸೂಕ್ಷ್ಮ ಕಂಪನವನ್ನು ಹೀರಿಕೊಳ್ಳುತ್ತದೆ. ಸುಬಾರು ಕಾರುಗಳಿಗಾಗಿ ಆ ಕಂಪನಿಯ ರೇಸಿಂಗ್ ಅಂಗಸಂಸ್ಥೆ ಎಸ್‌ಟಿಐ ತಯಾರಿಸುವ ಫ್ಲೆಕ್ಸಿಬಲ್ ಟವರ್ ಬಾರ್‌ನ ನಡುವೆ ಒಂದು ಕೀಲಿದೆ. ಪಕ್ಕದ ಒತ್ತಡಕ್ಕೆ ಬಿಗಿಯಾಗಿ ನಿಲ್ಲುವ ಬಾರು ಮೇಲೆ-ಕೆಳಗಿನ ಚಲನೆಗೆ ಬಿಟ್ಟುಕೊಡುತ್ತದೆ.

ಪರಿಣಾಮ ಮತ್ತು ಮಿತಿ

ಹಳೆಯ ಕಾರು, ತೆರೆದ ಕಾರು, ಸ್ಲಿಕ್ ಟೈರು ಮತ್ತು ಗಡಸು ಸ್ಪ್ರಿಂಗು ಹಾಕಿದ ಟ್ರ್ಯಾಕ್ ಕಾರು: ಇವುಗಳಲ್ಲಿ ಬ್ರೇಸಿಂಗಿನ ಲಾಭ ಸ್ಪಷ್ಟ. ಗಾಲಿಯ ಕೋನಗಳು ಹೊರೆಯಲ್ಲೂ ಸ್ಥಿರವಾಗಿರುತ್ತವೆ, ಸ್ಟಿಯರಿಂಗಿಗೆ ಕಾರು ಬೇಗ ಓಗೊಡುತ್ತದೆ, ಬಾಡಿಯ ಕಿರುಗುಟ್ಟುವಿಕೆ ತಗ್ಗುತ್ತದೆ. ಸರಳು ನೇರವಾಗಿದ್ದರೆ ಮಾತ್ರ ಪೂರ್ಣ ಫಲ. ಎಂಜಿನ್ನನ್ನು ತಪ್ಪಿಸಲು ಬಗ್ಗಿಸಿದ ಅಥವಾ ತುದಿಯಲ್ಲಿ ಸಡಿಲ ಕೀಲುಳ್ಳ ಬಾರು ಅಷ್ಟು ಹೊರೆ ತಾಳದು. ಎಲ್ಲ ಬ್ರೇಸೂ ತೂಕ ಕೂಡಿಸುತ್ತದೆ. ಮುಂಭಾಗವೊಂದನ್ನೇ ಬಿಗಿಮಾಡಿದರೆ ಹ್ಯಾಂಡ್ಲಿಂಗಿನ ಸಮತೋಲ ಬದಲಾಗಲೂಬಹುದು. ಹೊಸ ಟೈರು, ಸ್ಪ್ರಿಂಗುಗಳ ಜೊತೆಗೇ ಬ್ರೇಸನ್ನೂ ಹಾಕಿದಾಗ ಯಾವುದರಿಂದ ಎಷ್ಟು ಸುಧಾರಣೆ ಎಂದು ಬೇರ್ಪಡಿಸುವುದು ಕಷ್ಟ.

ಕಾರ್ಖಾನೆಗಳು ಗಡಸು ಉಕ್ಕು ಮತ್ತು ಅಂಟುಜೋಡಣೆಯಿಂದ ಬಾಡಿಯನ್ನೇ ಬಲಪಡಿಸುತ್ತಿರುವುದರಿಂದ ಹೊರಗಿನಿಂದ ಸೇರಿಸುವ ಸರಳುಗಳಿಗೆ ಅವಕಾಶ ಕುಗ್ಗುತ್ತಿದೆ. ಸುಬಾರು ಬಿಆರ್‌ಝಡ್‌ನ ಎರಡನೆಯ ಪೀಳಿಗೆಯ ತಿರುಚು ಬಿಗಿತ ಮೊದಲ ಪೀಳಿಗೆಗಿಂತ ಸುಮಾರು ಶೇ. 50ರಷ್ಟು ಹೆಚ್ಚೆಂದು ಕಂಪನಿ ಪ್ರಕಟಿಸಿದೆ. ಇಂಥ ಕಾರನ್ನು ಮಾಮೂಲಿ ಟೈರಿನಲ್ಲಿ ರಸ್ತೆಯ ಮೇಲೆ ಓಡಿಸುವವರಿಗೆ ಟೈರು, ಡ್ಯಾಂಪರ್ ಮತ್ತು ಗಾಲಿಗಳ ಅಲೈನ್‌ಮೆಂಟಿನ ಮೇಲೆ ಮಾಡಿದ ಖರ್ಚೇ ಸ್ಟ್ರಟ್ ಬಾರಿಗಿಂತ ಹೆಚ್ಚು ಫಲ ಕೊಡುತ್ತದೆ.